ದೊಡ್ಡಪ್ಪನ ಮೇಲೊಂದು ಕಣ್ಣು

ತರಬೇತಿ ಮುಖ್ಯಸ್ಥರು ಎದ್ದು ಹೋಗಿ ಬಾಗಿಲು ಹಾಕಿ ಬಂದಾಗಲೇ ಅವಳಿಗೆ ಇದು ಒಳ್ಳೆಯ ಮಾತಲ್ಲ ಅನ್ನಿಸಿತು. ಆ ಕೋಣೆಯ ಬಾಗಿಲು ಹಾಕಿದ್ದನ್ನು ಅವಳು ಇದುವರೆಗೆ ನೋಡಿರಲಿಲ್ಲ. ಬಾಗಿಲಡಿಗೆ ಸಿಕ್ಕಿಸಿದ್ದ ಮರದ ತುಂಡು ಅಲ್ಲೇ ಬೇರುಬಿಟ್ಟಿದೆ ಎಂದು ಎಲ್ಲರೂ ತಮಾಷೆ ಮಾಡುತ್ತಿದ್ದರು.

"ಕೂತ್ಕೊ. ದೊಡ್ಡಪ್ಪನ ಜೊತೆ ಹಾರಿದೀಯ ಅಲ್ವಾ?"

"ಹಾರಿದೀನಿ ಸರ್. ಯಾಕೆ?"

ದೊಡ್ಡಪ್ಪ ಎಂದರೆ ಅವರ ವಿಮಾನ ಕಂಪನಿಯ ಎಲ್ಲರಿಗಿಂತ ಹಿರಿಯ ಕ್ಯಾಪ್ಟನ್. ಅರವತ್ತು ದಾಟಿ ಮೂರು ವರ್ಷವಾಗಿತ್ತು. ಎದುರಿಗೆ 'ಸರ್', ಬೆನ್ನ ಹಿಂದೆ 'ದೊಡ್ಡಪ್ಪ'. ಅದು ಅವರಿಗೂ ಗೊತ್ತಿತ್ತು. ಯಾರಾದರೂ ಬಾಯಿತಪ್ಪಿ ಎದುರಲ್ಲೇ ಹಾಗೆ ಕರೆದುಬಿಟ್ಟರೆ, "ಆಸ್ತಿ ಕೇಳಬೇಡಿ ಅಷ್ಟೇ" ಅನ್ನುತ್ತಿದ್ದರು.

ಮುಖ್ಯಸ್ಥರು ಮೇಜಿನ ಮೇಲಿನ ಪೆನ್ನನ್ನು ಅತ್ತಿತ್ತ ಉರುಳಿಸಿದರು. "ರೇಡಿಯೊದಲ್ಲಿ ಒಂದೆರಡು ಸಲ ತಪ್ಪು ಉತ್ತರ ಕೊಟ್ಟಿದ್ದಾರಂತೆ. ಕೇಳಿದ್ದನ್ನೇ ಮತ್ತೆ ಕೇಳ್ತಾರಂತೆ. ಮುಂದಿನ ಒಂದೂವರೆ ತಿಂಗಳು ನಿನ್ನನ್ನ ಅವರ ಜೊತೆ ಹಾಕಿದೀನಿ. ಒಂದು ಕಣ್ಣಿಟ್ಟಿರು. ಬರೆದು ಗಿರೆದು ಕೊಡಬೇಡ, ಬಾಯಲ್ಲಿ ಹೇಳಿದ್ರೆ ಸಾಕು."

"ಬರೆಯೋದು ಬೇಡ ಅಂದ್ರೆ?"

"ಬೇಡ ಅಂದ್ರೆ ಬೇಡ."

ಅವಳು ಹೊರಗೆ ಬಂದು ಕೈತೊಳೆಯುವ ಕೋಣೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟು ನಿಂತಳು. ಕ್ಯಾಪ್ಟನ್ ಆಗುವ ಸರತಿಯಲ್ಲಿ ಮೊದಲ ಹೆಸರು ಅವಳದು. ಬಲಗಡೆಯ ಸೀಟಿನಲ್ಲಿ ಕೋ-ಪೈಲಟ್ ಆಗಿ ಒಂಬತ್ತು ವರ್ಷ ಕೂತಾಗಿತ್ತು. ಎಡಗಡೆಯ ಸೀಟು ಒಂದು ಖಾಲಿಯಾದರೆ ಅದು ಅವಳಿಗೇ. ಇದು ಮುಖ್ಯಸ್ಥರಿಗೆ ಗೊತ್ತಿಲ್ಲದ್ದೇನಲ್ಲ. ಹಾಗಿದ್ದೂ ತನ್ನನ್ನೇ ಯಾಕೆ ಆರಿಸಿದರು? ದೊಡ್ಡಪ್ಪನನ್ನು ಕಳಿಸಲು ಇವರಿಗೇನಾದರೂ ಆತುರವಿದೆಯೇ? ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ, ಸೀಟಿನ ಆಸೆಗೆ ಹುಡುಗಿಯೇ ಹೀಗೆ ಹೇಳಿದಳು ಎಂದು ಕೈ ತೊಳೆದುಕೊಳ್ಳುತ್ತಾರೆಯೇ? ಬರೆದು ಕೊಡಬೇಡ ಅಂದಿದ್ದು ಅದಕ್ಕೇ ಇರಬಹುದೇ?

ಮೊದಲ ವಾರ ಅವಳಿಗೆ ಏನೂ ಕಾಣಲಿಲ್ಲ. ಎರಡನೆಯ ವಾರ ಎಲ್ಲವೂ ಕಾಣತೊಡಗಿತು.

ವಿಮಾನ ಹಾರಿಸುವವರು ಒಬ್ಬರು, ರೇಡಿಯೊ ನೋಡಿಕೊಳ್ಳುವವರು ಇನ್ನೊಬ್ಬರು. ಹೋಗುವಾಗ ಅವಳು ಹಾರಿಸಿದರೆ ಬರುವಾಗ ದೊಡ್ಡಪ್ಪ. ಅವಳು ಹಾರಿಸುವಾಗ ರೇಡಿಯೊ ಅವರ ಕೈಯಲ್ಲಿರುತ್ತಿತ್ತು. ಕೆಳಗಿನ ಕಂಟ್ರೋಲರ್ ಒಂದೇ ಉಸಿರಿನಲ್ಲಿ ಬಲಕ್ಕೆ ತಿರುಗಿ, ಎಂಟು ಸಾವಿರ ಅಡಿಗೆ ಇಳಿಯಿರಿ, ವೇಗ ತಗ್ಗಿಸಿ, ಮುಂದಿನ ಕಂಟ್ರೋಲರನ್ನು ಇಂಥ ರೇಡಿಯೊ ಸಂಖ್ಯೆಯಲ್ಲಿ ಕರೆಯಿರಿ ಎಂದು ನಾಲ್ಕು ಮಾತು ಹೇಳಿಬಿಟ್ಟರೆ, ಕೇಳಿಸಿಕೊಂಡವರು ನಾಲ್ಕನ್ನೂ ಹಾಗೇ ತಿರುಗಿ ಒಪ್ಪಿಸಬೇಕು. ದೊಡ್ಡಪ್ಪ ಮೊದಲ ಮೂರನ್ನು ಖಡಾಖಂಡಿತವಾಗಿ ಹೇಳುತ್ತಿದ್ದರು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಸಣ್ಣದೊಂದು ತಡೆ. ಒಮ್ಮೊಮ್ಮೆ ಸರಿಯಾದ ಸಂಖ್ಯೆ, ಒಮ್ಮೊಮ್ಮೆ ಹತ್ತಿರದ ಇನ್ನಾವುದೋ ಸಂಖ್ಯೆ. ಆಗ ಅವಳು ಸರಿ ಮಾಡಬೇಕು. "ಹಾಂ, ಅದೇ" ಅನ್ನುವರು, ತಾನು ಹೇಳಿದ್ದೂ ಅದೇ ಎನ್ನುವ ಹಾಗೆ.

ಅವರ ಎಡಗೈ ಬೆರಳುಗಳು ತೊಡೆಯ ಮೇಲೆ ಕದಲುವುದನ್ನೂ ಅವಳು ಗಮನಿಸಿದಳು. ನಡುಕವೇ? ಗಗನಸಖಿಯರ ಹೆಸರು ಹಿಡಿದು ಅವರು ಕರೆಯುತ್ತಲೇ ಇರಲಿಲ್ಲ. ಎಲ್ಲರೂ 'ಅಮ್ಮ', ಇಲ್ಲವೇ 'ತಾಯಿ'. ಮೊದಲು ಅದು ಅಕ್ಕರೆ ಅನ್ನಿಸುತ್ತಿತ್ತು. ಈಗ, ಹೆಸರೇ ನೆನಪಿಲ್ಲವೇನೋ ಅನ್ನಿಸಿತು. ಒಂದು ಪ್ರಶ್ನೆ ಕೇಳಿದರೆ ಉತ್ತರಕ್ಕೆ ಮುಂಚೆ ಕಿಟಕಿಯಾಚೆ ನೋಡಿ ಸ್ವಲ್ಪ ಹೊತ್ತು ಸುಮ್ಮನಿರುವರು. ಅದು ಯೋಚನೆಯೋ, ಖಾಲಿತನವೋ? ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತಿದ್ದವು.

ಒಂದು ದಿನ ವಿಮಾನ ನಿಲ್ಲಿಸಿ ಎಂಜಿನ್ ಆರಿಸಿದ ಮೇಲೆ ಬೆಲ್ಟ್ ಬಿಚ್ಚುತ್ತಾ ಅವರು ಕೇಳಿದರು: "ಏನಮ್ಮ, ಇವತ್ತು ನಂಗೆ ಎಷ್ಟು ಮಾರ್ಕು?"

ಅವಳು ಪಟ್ಟನೆ ತಿರುಗಿದಳು. "ಯಾವ ಮಾರ್ಕು ಸರ್?"

"ಲ್ಯಾಂಡಿಂಗ್ ಹೇಗಿತ್ತು ಅಂತ ಕೇಳ್ದೆ."

ಅವರು ನಗುತ್ತಾ ಎದ್ದು ಹೋದರು. ಮನೆ ಮುಟ್ಟುವವರೆಗೂ ಅವಳು ಆ ನಗುವನ್ನು ತಿರುವಿ ಮುರುವಿ ನೋಡಿದಳು. ಗೊತ್ತಾಗಿದೆಯೇ? ಗೊತ್ತಾಗಿ ನಾಟಕ ಮಾಡುತ್ತಿದ್ದಾರೆಯೇ?

ಅನುಮಾನ ಮನೆಯೊಳಗೂ ಬಂತು. ಅವಳ ಜೊತೆಯಲ್ಲಿದ್ದ ಅಪ್ಪ ಶಾಲೆಯಲ್ಲಿ ಡ್ರಿಲ್ ಮೇಷ್ಟರಾಗಿದ್ದು ನಿವೃತ್ತರಾದವರು. ಎಪ್ಪತ್ತರ ಹತ್ತಿರ ಬಂದಿದ್ದರೂ ಬೆನ್ನು ಕೋಲಿನಂತೆ ನೆಟ್ಟಗೆ. ತಟ್ಟೆ ತೊಳೆಯುತ್ತಿದ್ದ ಅಪ್ಪನ ಪಕ್ಕ ನಿಂತು ಅವಳು ಏನೂ ಗೊತ್ತಿಲ್ಲದವಳ ಹಾಗೆ ಕೇಳಿದಳು: "ಅಪ್ಪ, ನಿನ್ನೆ ಮಧ್ಯಾಹ್ನ ನಾವು ಏನು ಊಟ ಮಾಡಿದ್ವಿ?"

ಅಪ್ಪ ಕೈ ಒರೆಸಿಕೊಂಡು ಅವಳನ್ನೇ ನೋಡಿದರು. "ನಿನ್ನೆ ಮಧ್ಯಾಹ್ನ ನೀನು ಮನೇಲೇ ಇರಲಿಲ್ಲ. ನಾನೊಬ್ನೇ ಉಂಡಿದ್ದು. ಮರೆವು ಯಾರಿಗೆ ಬಂದಿರೋದು?"

"ಸುಮ್ನೆ ಕೇಳ್ದೆ."

"ಸುಮ್ನೆ ಕೇಳಲ್ಲ ನೀನು. ಮೊನ್ನೆ ಹದಿನೇಳರ ಮಗ್ಗಿ ಕೇಳಿದೆ. ಅದರ ಹಿಂದಿನ ದಿನ, ಹಳೇ ಮನೆ ಮಾಲೀಕನ ಹೆಂಡತಿ ಹೆಸರು. ಏನು, ನನ್ನನ್ನ ಎಲ್ಲಿಗಾದ್ರೂ ಸಾಗಹಾಕೋ ಯೋಚನೆ ಇದ್ಯಾ?"

ನಗಿಸಲು ಆಡಿದ ಮಾತಾದರೂ ಅಪ್ಪ ಆಮೇಲೆ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟರು.

ಒಂದು ತಿಂಗಳು ಕಳೆದಿತ್ತು. ಒಂದು ಮಧ್ಯಾಹ್ನ, ಆ ದಿನದ ಮೂರನೆಯ ಊರಿಗೆ ಹೋಗುತ್ತಿದ್ದರು. ಹಾರಿಸುತ್ತಿದ್ದವರು ದೊಡ್ಡಪ್ಪ, ರೇಡಿಯೊ ಅವಳದು. ಸುತ್ತ ಮೋಡಗಳು ಗೋಡೆಗಳಂತೆ ಎದ್ದಿದ್ದವು. ರನ್‌ವೇಯ ಮೇಲೆ ಮಾತ್ರ ಬಿಸಿಲು. ರಾಡಾರ್ ಪರದೆಯಲ್ಲಿ ದಾರಿ ಚೊಕ್ಕಟವಾಗಿತ್ತು. ಮುಂದಿದ್ದ ವಿಮಾನ ಯಾವ ತೊಂದರೆಯೂ ಇಲ್ಲದೆ ಇಳಿದಿತ್ತು. ಹಿಂದೆ ಇನ್ನೊಂದು ವಿಮಾನ ಬರುತ್ತಿತ್ತು. ಗಾಳಿ ಎದುರಿನಿಂದ, ಹಗುರವಾಗಿದೆ ಎಂದು ನಿಲ್ದಾಣದ ಕಂಟ್ರೋಲ್ ಟವರ್ ಹೇಳಿತು.

ಚಕ್ರಗಳನ್ನು ಇಳಿಸಿಯಾಗಿತ್ತು. ಅವರ ಬೆರಳುಗಳು ಕದಲುತ್ತವೆಯೇ ಎಂದು ಅವಳು ನೋಡುತ್ತಿದ್ದಳು. ಕದಲಲಿಲ್ಲ. ಮುಖ ನೋಡಿದಳು. ಹಣೆ ಗಂಟಿಕ್ಕಿತ್ತು. ಅವರ ದೃಷ್ಟಿ ರನ್‌ವೇಯ ಮೇಲಿರಲಿಲ್ಲ, ಬೇರೆಲ್ಲೋ ಎಡಕ್ಕೆ ಹೋಗಿತ್ತು. ಇಳಿಯುವ ಹೊತ್ತಿನಲ್ಲಿ ಎಲ್ಲಿ ನೋಡುತ್ತಿದ್ದಾರೆ ಇವರು?

"ಬೇಡ," ಅಂದರು ದೊಡ್ಡಪ್ಪ. "ಮೇಲೆ ಹೋಗ್ತಿದೀನಿ."

"ಸರ್? ಎಲ್ಲಾ ಸರಿಯಾಗಿದೆ ಸರ್."

"ಮೇಲೆ ಅಂದೆ. ಚಕ್ರ ಎತ್ತು."

ಎಂಜಿನ್‌ಗಳು ಗುಡುಗಿದವು, ವಿಮಾನ ಮೂತಿ ಎತ್ತಿತು. ಚಕ್ರ ಎತ್ತಿ, ಇಳಿಯದೆ ಮೇಲೇರುತ್ತಿದ್ದೇವೆ ಎಂದು ಅವಳು ಟವರ್‌ಗೆ ತಿಳಿಸಿದಳು. ಟವರ್‌ನವನಿಗೂ ಆಶ್ಚರ್ಯವಾದಂತಿತ್ತು. ಅವನು ಒಂದೇ ಉಸಿರಿಗೆ ನಾಲ್ಕು ಮಾತು ಸುರಿದ. ಎಡಕ್ಕೆ ತಿರುಗಬೇಕು, ನಾಲ್ಕು ಸಾವಿರ ಅಡಿಯಲ್ಲಿ ನಿಲ್ಲಬೇಕು, ಐದು ಸಾವಿರದಲ್ಲಿ ಬೇರೊಂದು ವಿಮಾನ ಸುತ್ತುತ್ತಿದೆ, ಹೊಸ ಸಂಖ್ಯೆಯಲ್ಲಿ ಇಂಥವರನ್ನು ಕರೆಯಬೇಕು. ಅವಳು ಎಲ್ಲವನ್ನೂ ತಿರುಗಿ ಒಪ್ಪಿಸಿದಳು.

ದೊಡ್ಡಪ್ಪ ಆಟೋಪೈಲಟ್ ಹಾಕಿ ಎತ್ತರದ ಗುಂಡಿ ತಿರುಗಿಸಿದರು. ಪುಟ್ಟ ಕಿಟಕಿಯಲ್ಲಿ ಅಂಕಿಗಳು ಓಡಿ ನಿಂತವು. ಐದು ಸಾವಿರ.

ಅವಳು ನೋಡಿದಳು. ಬಾಯಿ ತೆರೆಯುವ ಮುನ್ನ ಮಿಂಚಿನಂತೆ ಒಂದು ಯೋಚನೆ ಹಾದುಹೋಯಿತು: ಸಿಕ್ಕಿಬಿದ್ದರು. ಭಯಕ್ಕಿಂತ ಮುಂಚೆ ಬಂದದ್ದು ಆ ಖುಷಿ.

"ನಾಲ್ಕು ಸರ್! ಐದರಲ್ಲಿ ಇನ್ನೊಂದು ವಿಮಾನ ಇದೆ. ನಾಲ್ಕು!"

ಅವರು ತಕ್ಷಣ ತಿರುಗಿಸಿದರು. "ನಾಲ್ಕು. ಸರಿ. ಟವರ್‌ಗೆ ಹೇಳು, ರನ್‌ವೇ ಎಡಗಡೆ ಹೊಲದಲ್ಲಿ ಕಸ ಸುಡ್ತಿರೋ ಹೊಗೆ ನೆಲಕ್ಕೆ ಒತ್ಕೊಂಡಿದೆ, ಗಾಳಿ ಮೇಲಿಂದ ಬೀಳ್ತಿದೆ. ಹಿಂದಿನವರಿಗೆ ಬರಬೇಡಿ ಅನ್ನು."

"ಹೊಗೆಯಾ? ನಿಜವಾಗ್ಲೂ ನೋಡಿದ್ರಾ ಸರ್?"

ಅವರು ತಿರುಗಿ ಅವಳನ್ನು ನೋಡಿದರು. ಅವಳು ರೇಡಿಯೊ ಗುಂಡಿ ಒತ್ತಿ ಟವರ್‌ಗೆ ಹೇಳಿದಳು. ಟವರ್ ಹಿಂದಿನ ವಿಮಾನಕ್ಕೆ ಹೇಳಿತು. ಅಷ್ಟರಲ್ಲಿ ಆ ವಿಮಾನ ರನ್‌ವೇಯ ತುದಿಗೆ ಬಂದಿತ್ತು. ಆಮೇಲೆ ರೇಡಿಯೊದಲ್ಲಿ ಕೆಲವು ಕ್ಷಣ ಯಾರೂ ಮಾತಾಡಲಿಲ್ಲ. ಮತ್ತೆ ಬಂದ ಟವರ್‌ನವನ ಧ್ವನಿ ಬೇರೆಯೇ ಆಗಿತ್ತು. ರನ್‌ವೇ ಮುಚ್ಚಿದೆ, ಎಲ್ಲರೂ ಬೇರೆ ಊರಿಗೆ ಹೋಗಿ.

ಸಂಜೆಗೆ ಸುದ್ದಿ ತಿಳಿಯಿತು. ಹಿಂದಿನ ವಿಮಾನವನ್ನು ಗಾಳಿ ಮೇಲಿನಿಂದ ಅಂಗೈಯಲ್ಲಿ ಒತ್ತಿದ ಹಾಗೆ ಕೆಳಗೆ ಕುಕ್ಕಿತ್ತು. ಚಕ್ರಗಳು ಒಡೆದು ವಿಮಾನ ಅಡ್ಡಲಾಗಿ ಹುಲ್ಲಿನ ಮೇಲೆ ನಿಂತಿತ್ತು. ಜೀವ ಹೋಗಲಿಲ್ಲ. ಕೆಲವರ ಕೈ, ಕತ್ತು, ಬೆನ್ನಿಗೆ ಏಟು. ಒಬ್ಬ ಮುದುಕಿಯ ಸೊಂಟ ಮುರಿದಿತ್ತು. ಎಚ್ಚರಿಕೆ ಬಂದಾಗ ತಡವಾಗಿತ್ತು, ಸ್ವಲ್ಪ ಮೊದಲೇ ಬಂದಿದ್ದರೂ ಹೆಚ್ಚೇನೂ ಬದಲಾಗುತ್ತಿರಲಿಲ್ಲ ಎಂದು ಮುಂದೆ ತನಿಖೆಯವರು ಹೇಳಿದರು. 'ಹೆಚ್ಚೇನೂ' ಎನ್ನುವ ಆ ಮಾತನ್ನು ಅವಳು ಯಾವತ್ತೂ ಪೂರ್ತಿ ನಂಬಲಿಲ್ಲ.

ಮರುದಿನ ಅವಳು ಮುಖ್ಯಸ್ಥರ ಕೋಣೆಗೆ ಹೋದಳು. ಈ ಸಲ ಬಾಗಿಲು ಅವಳೇ ಹಾಕಿದಳು.

"ಗುಂಡಿ ತಪ್ಪು ತಿರುಗಿಸಿದ್ರು. ನಾನು ಹೇಳದಿದ್ರೆ ಇನ್ನೊಂದು ವಿಮಾನದ ಎತ್ತರಕ್ಕೇ ಹೋಗ್ತಿದ್ವಿ. ಉದ್ದದ ಮಾತು ಅವರಿಗೆ ನಿಲ್ಲಲ್ಲ ಸರ್, ಒಂದು ತಿಂಗಳಿಂದ ನೋಡ್ತಿದೀನಿ. ಆದ್ರೆ ಅವರಿಲ್ದೆ ನಾನಿದ್ದಿದ್ರೆ ನೆಟ್ಟಗೆ ಇಳಿಸಿರ್ತಿದ್ದೆ. ಆ ಹುಲ್ಲಿನ ಮೇಲೆ ನಮ್ಮ ವಿಮಾನ ಇರ್ತಿತ್ತು. ಎರಡೂ ನಿಜ. ಒಂದನ್ನ ಇಟ್ಕೊಂಡು ಇನ್ನೊಂದನ್ನ ಬಿಡೋ ಹಾಗಿಲ್ಲ."

"ಅವರ ಮನೆಗೆ ಹೋಗಿ ಬಾ. ನಿನ್ನನ್ನ ಬರಹೇಳಿದ್ದಾರೆ," ಅಂದರು ಮುಖ್ಯಸ್ಥರು.

ಅವಳಿಗೆ ಮತ್ತೆ ಅನುಮಾನ. ಮನೆಗೆ ಯಾಕೆ? ಬೈಯುವುದಕ್ಕೋ? ಆ ತಪ್ಪು ಗುಂಡಿಯ ವಿಷಯ ಬಾಯಿಬಿಡಬೇಡ ಎಂದು ಕೇಳಿಕೊಳ್ಳುವುದಕ್ಕೋ?

ಮೂರನೆಯ ಮಹಡಿಯ ಆ ಮನೆಯ ಬಾಗಿಲು ತೆರೆದವರು ಅವರ ಹೆಂಡತಿ. ಕುಳ್ಳಗೆ, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡಿದ್ದ ಹೆಂಗಸು. ಅವಳನ್ನು ಮೇಲಿಂದ ಕೆಳಗೆ ನೋಡಿ, "ಓ, ನೀನೇನಮ್ಮ? ಇವರು ಕೇಳಿ ಹಾಕಿಸ್ಕೊಂಡ ಹುಡುಗಿ?" ಅಂದರು.

ಅವಳ ಕಾಲು ಹೊಸ್ತಿಲಲ್ಲೇ ನಿಂತಿತು. "ಕೇಳಿ ಹಾಕಿಸ್ಕೊಂಡಿದ್ದಾ?"

ಒಳಗಿನಿಂದ ದೊಡ್ಡಪ್ಪನ ಧ್ವನಿ ಬಂತು: "ಹೇಳಿಬಿಟ್ಯಾ? ಗುಟ್ಟು ಅಂದಿದ್ದೆ."

"ಗುಟ್ಟು ಅಂತ ಹೇಳಿದ್ದು ಮರೆತೆ ನೋಡಿ. ನಂಗೂ ವಯಸ್ಸಾಯ್ತಲ್ಲ," ಎಂದು ಆಕೆ ಒಳಗೆ ಹೋದರು. ಹೋಗುತ್ತಾ, "ನನ್ನ ಮಾತನ್ನ ಇವರು ಮದುವೆಯಾದಾಗಿಂದ ಮರೀತಾನೇ ಇದ್ದಾರೆ. ಅದನ್ನ ಕಾಯಿಲೆ ಅಂತ ಯಾವ ಡಾಕ್ಟರೂ ಒಪ್ಪಲಿಲ್ಲ," ಅಂದರು.

ದೊಡ್ಡಪ್ಪ ಬನಿಯನ್ ಹಾಕಿಕೊಂಡು ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಸಮವಸ್ತ್ರವಿಲ್ಲದೆ ತೀರ ಸಣ್ಣಗೆ ಕಂಡರು.

"ನಾನೇ ಕೇಳಿದ್ದು," ಅಂದರು. "ಎರಡು ವರ್ಷದಿಂದ ನಾಲ್ಕನೇ ಮಾತು ನಿಲ್ತಿಲ್ಲ. ಮೊದಲು ಕಿವಿ ಅಂದ್ಕೊಂಡೆ. ಕಿವಿ ಚೆನ್ನಾಗೇ ಇದೆ ಅಂದ್ರು. ಆಮೇಲೆ ಬೆರಳಲ್ಲಿ ಹಿಡಿದಿಟ್ಕೊಳ್ಳೋಕೆ ಶುರು ಮಾಡ್ದೆ. ತೊಡೆ ಮೇಲೆ ಒಂದೊಂದು ಮಾತಿಗೆ ಒಂದೊಂದು ಬೆರಳು ಒತ್ತೋದು. ಎಷ್ಟು ಕೆಟ್ಟಿದೆ ಅಂತ ನನಗೇ ಗೊತ್ತಾಗಲ್ಲವಲ್ಲ. ತೂಗೋ ತಕ್ಕಡಿಯೇ ಸರಿ ಇದ್ಯೋ ಇಲ್ವೋ ಅನ್ನೋ ಅನುಮಾನ. ಅದಕ್ಕೆ ಮುಖ್ಯಸ್ಥನಿಗೆ ಹೇಳ್ದೆ, ಒಬ್ಬರನ್ನ ಹಾಕು, ನಂಗೆ ಗೊತ್ತಿದೆ ಅಂತ ಅವರಿಗೆ ಹೇಳಬೇಡ."

"ನನ್ನನ್ನೇ ಯಾಕೆ?"

"ನಾನು ಹೋದ್ರೆ ನಿಂಗೆ ಸೀಟು. ಮಿಕ್ಕವರು ಪಾಪ ಅಂತ ನನ್ನ ತಪ್ಪನ್ನ ಮುಚ್ಚಿ ಹಾಕ್ತಾರೆ. ನೀನು ಬಿಡಲ್ಲ ಅನ್ನಿಸ್ತು."

ಅವಳ ಮುಖಕ್ಕೆ ರಕ್ತ ನುಗ್ಗಿತು. ಸಂಕಟವೋ ಸಿಟ್ಟೋ ಅವಳಿಗೇ ತಿಳಿಯಲಿಲ್ಲ.

"ಬಿಡಲಿಲ್ಲ ಸರ್. ಎಷ್ಟು ಚೆನ್ನಾಗಿ ನೋಡ್ತಿದ್ದೆ ಅಂದ್ರೆ ಹೊರಗೆ ನೋಡೋದೇ ಬಿಟ್ಟಿದ್ದೆ. ಆ ಹೊಗೆ ನನ್ನ ಕಿಟಕಿಗೂ ಕಾಣ್ತಿತ್ತು. ನಾನು ನಿಮ್ಮ ಬೆರಳು ನೋಡ್ತಾ ಕೂತಿದ್ದೆ. ನೀವು ಹಿಂದಿನವರಿಗೆ ಹೇಳು ಅಂದಾಗ, ಇವರಿಗೆ ತಲೆ ಕೆಟ್ಟಿದೆ ಅಂತ ಒಂದು ಗಳಿಗೆ ನಿಂತೆ. ಒಂದು ಮಾತು ಮೊದಲೇ ಹೇಳಿದ್ರೆ ಆಗ್ತಿತ್ತು. 'ನಂಗೆ ನಾಲ್ಕನೇದು ನಿಲ್ಲಲ್ಲಮ್ಮ, ನೀನು ಹಿಡ್ಕೊ' ಅಂತ. ಅಷ್ಟೇ. ನನ್ನನ್ನ ಗೂಢಚಾರಿ ಮಾಡಿ ಏನು ಸಿಕ್ತು ನಿಮಗೆ?"

ಒಳಗೆ ಪಾತ್ರೆಯ ಸದ್ದು ನಿಂತಿತು. ಅವರ ಹೆಂಡತಿ ಕೇಳಿಸಿಕೊಳ್ಳುತ್ತಿದ್ದರು.

"ಹೇಳೋಕೆ ನಾಚಿಕೆಯಾಯ್ತು," ಅಂದರು ದೊಡ್ಡಪ್ಪ. "ನಲವತ್ತು ವರ್ಷ ಹಾರಿಸಿದೋನು ಬಾಯಿ ಬಿಟ್ಟು ಹೇಗೆ ಹೇಳಲಿ? ನಂಗೆ ಅದು ತೋಚಲೇ ಇಲ್ಲ. ಇದು ಮರೆವಲ್ಲ, ಜಂಬ. ತಪ್ಪಾಯ್ತು."

ಅಷ್ಟು ದೊಡ್ಡವರು ಅಷ್ಟು ನೇರವಾಗಿ ತಪ್ಪಾಯ್ತು ಅನ್ನುತ್ತಾರೆಂದು ಅವಳು ಎಣಿಸಿರಲಿಲ್ಲ. ಗುಂಡಿ ತಪ್ಪಿದಾಗ ತನಗೆ ಖುಷಿಯಾಗಿದ್ದನ್ನು ಅವಳು ಹೇಳಲಿಲ್ಲ. ಆದರೆ ಅವರು ನೋಡಿದ ನೋಟದಲ್ಲಿ ಅದೂ ಗೊತ್ತಿದೆಯೇನೋ ಎಂಬ ಸಂಶಯ ಅವಳಿಗೆ ಉಳಿದುಕೊಂಡಿತು.

ಆ ವಾರವೇ ಅವರು ತಾವಾಗಿ ಅಧಿಕೃತ ಪರೀಕ್ಷೆ ಕೇಳಿಕೊಂಡರು. ಪರೀಕ್ಷಕರು ಅವರನ್ನು ಸಿಮ್ಯುಲೇಟರ್ ಎಂಬ ನಕಲಿ ಕಾಕ್‌ಪಿಟ್‌ನಲ್ಲಿ ಕೂರಿಸಿ ಮೂರು ದಿನ ಗೋಳು ಹೊಯ್ದುಕೊಂಡರು. ಎಂಜಿನ್ ಕೆಡಿಸಿದರು, ಮಂಜು ತುಂಬಿದರು, ಒಂದರ ಮೇಲೊಂದು ಆಜ್ಞೆ ಸುರಿದರು. ಉದ್ದದ ಆಜ್ಞೆಗಳಲ್ಲಿ ಅವರು ಹೊಸಬರಿಗಿಂತ ಹಿಂದೆ ಬಿದ್ದರು. ಆದರೆ ಎಲ್ಲಿ ಇಳಿಯಬೇಕು, ಎಲ್ಲಿ ಇಳಿಯಬಾರದು, ಯಾವ ಉಪಕರಣ ಸುಳ್ಳು ಹೇಳುತ್ತಿದೆ ಎನ್ನುವಲ್ಲಿ ತಮ್ಮ ಅರ್ಧ ವಯಸ್ಸಿನವರನ್ನೂ ಹಿಂದೆ ಹಾಕಿದರು. ಪರೀಕ್ಷಕರು ತಲೆ ಕೆರೆದುಕೊಂಡರು. ಕೊನೆಗೆ, ಹಾರಬಹುದು, ಆದರೆ ರೇಡಿಯೊ ಯಾವಾಗಲೂ ಜೊತೆಯವರದು, ಆರು ತಿಂಗಳಿಗೊಮ್ಮೆ ಮತ್ತೆ ಪರೀಕ್ಷೆ ಎಂದು ತೀರ್ಮಾನವಾಯಿತು.

ಅವತ್ತಿನಿಂದ ದೊಡ್ಡಪ್ಪ ಹೊರಡುವ ಮುನ್ನ ನಾಲ್ಕನೆಯ ಮಾತು ತಮಗೆ ನಿಲ್ಲುವುದಿಲ್ಲ ಎಂದು ಜೊತೆಯವರಿಗೆ ತಾವೇ ಹೇಳಿಬಿಡುತ್ತಿದ್ದರು. ಕೆಲವು ಹುಡುಗರು ಮುಸಿಮುಸಿ ನಕ್ಕರು. ಒಬ್ಬ ನಗದೆ, ತನಗೆ ಬೆಳಗಿನ ಜಾವದ ಹಾರಾಟದಲ್ಲಿ ಕಣ್ಣು ಎಳೆಯುತ್ತದೆ, ಇದುವರೆಗೆ ಯಾರಿಗೂ ಹೇಳಿಲ್ಲ ಅಂದನಂತೆ. ಮುಖ್ಯಸ್ಥರಿಗೆ ಮಾತ್ರ ಇದೆಲ್ಲ ಅಷ್ಟು ಹಿಡಿಸಲಿಲ್ಲ. ಹೀಗೆ ಒಬ್ಬೊಬ್ಬರೂ ಒಂದೊಂದು ಹೇಳಿಕೊಳ್ಳುತ್ತಾ ಹೋದರೆ ವಿಮಾನ ಹಾರಿಸುವವರು ಯಾರು ಎಂದು ಗೊಣಗಿದರು.

ಅವಳಿಗೆ ಎಡಗಡೆಯ ಸೀಟು ಮರುವರ್ಷ ಸಿಕ್ಕಿತು, ಕೆಲಸ ಬಿಟ್ಟುಹೋದ ಬೇರೊಬ್ಬರ ಜಾಗದಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ದೊಡ್ಡಪ್ಪನ ಜೊತೆ ಕೊನೆಯ ಸಲ ಹಾರಿದಳು. ಸಂಜೆಯ ಬಿಸಿಲಿನಲ್ಲಿ ಇಳಿಯುತ್ತಿದ್ದರು. ಕೆಳಗಿನ ಕಂಟ್ರೋಲರ್ ಒಂದು ಉದ್ದದ ಮಾತು ಹೇಳಿ ಮುಗಿಸಿದ. ಅವಳು ಗುಂಡಿ ಒತ್ತುವ ಮುಂಚೆಯೇ ದೊಡ್ಡಪ್ಪ ನಾಲ್ಕನ್ನೂ ಗಡಗಡನೆ ಒಪ್ಪಿಸಿದರು, ರೇಡಿಯೊಗಲ್ಲ, ಅವಳಿಗೆ.

"ಹೇಗೆ?" ಅಂದರು, ಹುಬ್ಬು ಹಾರಿಸಿ.

"ನಾಲ್ಕೂ ಸರಿ ಇದ್ದ ಹಾಗಿದೆ ಸರ್," ಅಂದಳು ಅವಳು. "ಆದ್ರೂ ಇನ್ನೊಂದ್ಸಲ ಕೇಳ್ತೀನಿ. ನನ್ನ ಮೇಲೂ ನಂಗೆ ಅಷ್ಟು ನಂಬಿಕೆ ಇಲ್ಲ."

"ಕೇಳು ಕೇಳು," ಎಂದು ಅವರು ಕಿಟಕಿಯಾಚೆ ನೋಡಿದರು. ಅವಳೂ ಹೊರಗೆ ಒಮ್ಮೆ ಕಣ್ಣು ಹಾಯಿಸಿ, ಗುಂಡಿ ಒತ್ತಿ, ದಯವಿಟ್ಟು ಮತ್ತೊಮ್ಮೆ ಹೇಳಿ ಎಂದು ಕಂಟ್ರೋಲರ್‌ನನ್ನು ಕೇಳಿದಳು.